ಬೆಣೆ ಹೊಡೆಯುವವಳು

ನನ್ನ ಗಂಡ ರವಿಚಂದ್ರ ಮತ್ತು ನನ್ನ ತಮ್ಮ ಯೋಗೀಶ ಮಾತು ಬಿಟ್ಟು ನಾಲ್ಕೈದು ವರ್ಷವಾಗಿತ್ತು. ಮಾತು ಬಿಟ್ಟವರು ಸಾಮಾನ್ಯವಾಗಿ ದೂರ ದೂರ ಇರುತ್ತಾರೆ, ಎದುರು ಸಿಕ್ಕರೆ ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಆ ಅನುಕೂಲ ಇರಲಿಲ್ಲ. ಇಬ್ಬರೂ ಒಂದೇ ಅಡುಗೆಮನೆಯಲ್ಲಿ ಉಣ್ಣುತ್ತಿದ್ದರು, ಒಂದೇ ಟೆಂಪೋದಲ್ಲಿ ಕೆಲಸಕ್ಕೆ ಹೋಗುತ್ತಿದ್ದರು, ಒಂದೇ ಮರವನ್ನು ಒಂದೇ ಮಿಷನ್ನಿನಿಂದ ಕೊಯ್ಯುತ್ತಿದ್ದರು. ಮಾತು ಮಾತ್ರ ನನ್ನ ಮೂಲಕ ಹೋಗಿ ನನ್ನ ಮೂಲಕವೇ ಬರುತ್ತಿತ್ತು.

"ಸುಗುಣ, ಆ ಮನ್ಷಂಗೆ ಹೇಳ್, ನಾಳೆ ಬೇಗ ಹೊರಡ್ಕ್ ಅಂತ," ಎನ್ನುವರು ಇವರು. ಆ ಮನುಷ್ಯ ಎರಡು ಮೊಳ ದೂರದಲ್ಲಿ ಕೂತು ಗಂಜಿಗೆ ಉಪ್ಪಿನಕಾಯಿ ನೆಂಚಿಕೊಳ್ಳುತ್ತಿರುತ್ತಿದ್ದ.

"ಯೋಗೀಶ, ನಾಳೆ ಬೇಗ ಹೊರಡ್ಕಂಬ್ರ್."

"ನಂಗೆ ಕೆಮಿ ಇತ್ತ್ ಅಂತ ಹೇಳಕ್ಕ ಅವ್ರಿಗೆ," ಎಂದು ಅವನು ಕಿವಿ ಮುಟ್ಟಿ ತೋರಿಸುವನು.

"ಆಯ್ತಂಬ್ರ್ ಹ್ವಾಯ್," ಎಂದು ನಾನು ಇವರಿಗೆ ಹೇಳುತ್ತಿದ್ದೆ. ಬಂದ ಮಾತನ್ನು ಬಂದ ಹಾಗೆಯೇ ದಾಟಿಸಿದ್ದರೆ ನಮ್ಮ ಮನೆ ಯಾವತ್ತೋ ಎರಡು ಹೋಳಾಗುತ್ತಿತ್ತು. ಕತ್ತೆ ಎಂದು ಬಂದದ್ದನ್ನು ಭಾವ ಎಂದು ಮಾಡಿ ಕಳಿಸುವ ಕೆಲಸ ನಾನು ಮಾಡಿದಷ್ಟು ಚೆನ್ನಾಗಿ ತಲ್ಲೂರಿನಲ್ಲಿ ಇನ್ನಾರೂ ಮಾಡಲಾರರು, ಬೇಕಾದರೆ ಕೇಳಿ ನೋಡಿ.

ಯಾರಾದರೊಬ್ಬರು ಬೇರೆ ಹೋಗಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಮನೆ ನಮ್ಮ ಅಮ್ಮನದು, ಈಗ ನನ್ನದು. ಮದುವೆಯಾಗಿ ಇವರು ಇಲ್ಲಿಗೆ ಬಂದರು. ಯೋಗೀಶ ಹುಟ್ಟಿದ್ದೇ ಇಲ್ಲಿ, ನಡುವೆ ಮುಂಬೈಗೆ ಹೋಗಿ ಬಂದದ್ದು ಬಿಟ್ಟರೆ ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದೆ ಇಲ್ಲೇ ಉಳಿದ. ಒಬ್ಬನಿಗೆ ಹೆಂಡತಿಯ ಮನೆ, ಇನ್ನೊಬ್ಬನಿಗೆ ತಾಯಿಮನೆ, ಇಬ್ಬರಿಗೂ ಹಟ. ನಮಗೆ ಮಕ್ಕಳಿಲ್ಲ. ಆ ವಿಷಯ ಊರಿನವರು ಮಾತಾಡಿ ಮುಗಿಸಿ ಎಷ್ಟೋ ಕಾಲವಾಯಿತು, ನಾನು ಹೊಸದಾಗಿ ತೆಗೆಯುವುದಿಲ್ಲ.

ಇದಕ್ಕೆಲ್ಲ ಮೇಲಾಗಿ, ಆ ಮಿಷನ್ನನ್ನು ಒಬ್ಬನೇ ನಡೆಸಲು ಸಾಧ್ಯವಿರಲಿಲ್ಲ. ಮುಂಬೈಯ ಮರದ ಗೋದಾಮಿನಲ್ಲಿ ಕೆಲಸಕ್ಕಿದ್ದ ಯೋಗೀಶ ಊರಿಗೆ ವಾಪಸು ಬರುವಾಗ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದ. ಬಡಗಿಗಳ ಕೈಯಲ್ಲಿ ಗಿರ್ರೆನ್ನುವ ಸಣ್ಣ ಕಟ್ಟರನ್ನು ನೀವು ನೋಡಿರುತ್ತೀರಿ. ಇದು ಅದರ ಅಜ್ಜ. ಬ್ಲೇಡು ಊಟದ ಹರಿವಾಣದಷ್ಟು ಅಗಲ, ಭಾರ ಖಾಲಿ ಗ್ಯಾಸ್ ಸಿಲಿಂಡರಿನಷ್ಟು, ಹಿಡಿಯಲು ಹಿಂದೊಂದು ಮುಂದೊಂದು ಹಿಡಿಕೆ. ಸ್ವಿಚ್ಚು ಒತ್ತಿದ ಕೂಡಲೇ ಒಮ್ಮೆ ಮೈ ಕೊಡವುತ್ತದೆ, ಆಗ ಗಟ್ಟಿಯಾಗಿ ಹಿಡಿಯದಿದ್ದರೆ ಕೆಲಸ ಕೆಟ್ಟಿತು. ಮಿಲ್ಲಿಗೆ ಸಾಗಿಸಲಾಗದ ಮರಗಳೆಲ್ಲ ಇದರ ಪಾಲು. ಹೊಳೆಬದಿಯಲ್ಲಿ ಬಿದ್ದ ದೋಣಿಯ ತಳದ ಮರ, ಕೆಡವಿದ ಕಟ್ಟಡಗಳ ತೊಲೆ, ಎರಡು ಜನ ಸೇರಿದರೂ ಅಲ್ಲಾಡದ ಹೆಬ್ಬಲಸಿನ ದಿಮ್ಮಿ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಅಂಥ ಮರ ಎಲ್ಲಿದ್ದರೂ ನಮಗೆ ಫೋನ್ ಬರುತ್ತಿತ್ತು.

ಮಿಷನ್ನು ಹಿಡಿಯುವುದು ಇವರು. ಹಾರೆ ಕೊಟ್ಟು ಮರ ಉರುಳದಂತೆ ನಿಲ್ಲಿಸಿಕೊಂಡು, ಅದರ ಅಡಿಗೆ ದಿಂಬಾಗಿ ಇಟ್ಟ ಮರದ ತುಂಡುಗಳ ಮೇಲೆ ಕಣ್ಣಿಡುವುದು ಯೋಗೀಶ. ನಾನು ನಡುವೆ. ಹೆಗಲ ಮೇಲೆ ವಯರು, ಕೈಯಲ್ಲಿ ಮರದ ಬೆಣೆ ಮತ್ತು ಕೊಡತಿ. ದಪ್ಪ ಮರವನ್ನು ಕೊಯ್ಯುತ್ತಾ ಹೋದಂತೆ ಅದು ತನ್ನದೇ ಭಾರಕ್ಕೆ ಕುಗ್ಗಿ, ಕೊಯ್ದ ಸಂದು ಮುಚ್ಚಿಕೊಂಡು ಬ್ಲೇಡನ್ನು ಕಚ್ಚುತ್ತದೆ. ಕಚ್ಚಿದರೆ ಮಿಷನ್ನು ಹಿಂದಕ್ಕೆ ಒದೆಯುತ್ತದೆ. ಅದಕ್ಕೇ ಬ್ಲೇಡು ಮುಂದೆ ಹೋದ ಹಾಗೆ ಹಿಂದಿನ ಸಂದಿಗೆ ಬೆಣೆ ಹೊಡೆಯುತ್ತಿರಬೇಕು. ಅದು ನನ್ನ ಕೆಲಸ.

ಸದ್ದಿನಲ್ಲಿ ಮಾತು ಕೇಳಿಸದು, ಹಾಗಾಗಿ ಕೈಸನ್ನೆಯೇ ಗತಿ. ಬೇರೆಯವರಾಗಿದ್ದರೆ ಒಬ್ಬರನ್ನೊಬ್ಬರು ನೋಡಿ ಸನ್ನೆ ಮಾಡುತ್ತಿದ್ದರು. ನಮ್ಮಲ್ಲಿ ಅದೂ ನನ್ನ ಮೂಲಕವೇ. ಯೋಗೀಶ ನನ್ನ ಕಡೆ ಕೈ ಎತ್ತುವನು, ನಾನು ಇವರ ಬೆನ್ನು ಒಮ್ಮೆ ತಟ್ಟುವೆ, ಇವರು ನಿಲ್ಲಿಸುವರು. ಅವನು ಕೈ ಇಳಿಸಿದರೆ ಎರಡು ತಟ್ಟು, ಇವರು ಮುಂದುವರಿಸುವರು. ಸಿಟ್ಟನ್ನು ಇಷ್ಟು ಅಚ್ಚುಕಟ್ಟಾಗಿ ನಡೆಸಿಕೊಂಡು ಹೋದವರು ಬೇರೆ ಯಾರಿದ್ದಾರೆ?

ಜಗಳ ಹುಟ್ಟಿದ್ದೂ ಈ ಮಿಷನ್ನಿನಿಂದಲೇ. ಗಂಗೊಳ್ಳಿಯಲ್ಲಿ ಒಂದು ದೋಣಿಗೆ ತಳದ ಮರ ಕೊಯ್ಯಬೇಕಿತ್ತು. ಮರದ ದಪ್ಪ ಬ್ಲೇಡಿಗೆ ಮೀರಿದ್ದು, ಹಾಗಾಗಿ ಮೇಲಿನಿಂದ ಅರ್ಧ ಕೊಯ್ದು, ಮಗುಚಿ, ಇನ್ನರ್ಧ ಕೊಯ್ಯುವುದು ಪದ್ಧತಿ. ಮೇಲಿನ ಗೆರೆ ಎಳೆದದ್ದು ಇವರು, ಅಡಿಯ ಗೆರೆ ಯೋಗೀಶನದು. ಕೊಯ್ದು ಮುಗಿದಾಗ ಎರಡೂ ಕೂಡಲಿಲ್ಲ, ನಡುವೆ ಅರ್ಧ ಬೆರಳಿನಷ್ಟು ಏರುತಗ್ಗು ಉಳಿಯಿತು. ದೋಣಿ ಕಟ್ಟುವ ಮೇಸ್ತ್ರಿ ಹೆಬ್ಬೆರಳು ಆಡಿಸಿ, "ಇದೆಂತ, ಮೆಟ್ಲ್ ಮಾಡಿದ್ರ್ಯಾ?" ಎಂದುಬಿಟ್ಟ. ಸುತ್ತ ನಿಂತವರೆಲ್ಲ ನಕ್ಕರು.

"ಮುಂಬೈಯಗೆ ಗೆರೆ ಎಳುಕೆ ಕಲಿಸ್ಲಿಲ್ಯಾ ನಿಂಗೆ?" ಎಂದರು ಇವರು.

"ಹೆಂಡ್ತಿ ಮನಿಯಗೆ ಕೂಕಂಡ್ ಉಂಬವ್ರ್ ನಂಗೆ ಕಲಿಸುದ್ ಬ್ಯಾಡ," ಎಂದ ಅವನು.

ಅಷ್ಟೇ. ಅದೇ ಕೊನೆಯ ಮಾತು. ಯಾರ ಗೆರೆ ಸೊಟ್ಟಗಿತ್ತು ಎಂಬುದು ಆವತ್ತೂ ತೀರ್ಮಾನವಾಗಲಿಲ್ಲ, ಆಮೇಲೂ ಆಗಲಿಲ್ಲ.

ಈಗ ನಾನು ಹೇಳಬೇಕೆಂದಿರುವುದು ಬೇರೆಯೇ. ಇವರು ಮೊದಲಿನಿಂದಲೂ ಮಾತು ಕಡಿಮೆಯ ಮನುಷ್ಯ. ಮದುವೆಯಾದ ಹೊಸದರಲ್ಲೂ ನನ್ನೊಡನೆ ಆಡುತ್ತಿದ್ದದ್ದು ಮೂರೇ ಮಾತು. ನೀರು ಬಿಸಿ ಇತ್ತಾ, ಬಡಿಸು, ಬಾಗಿಲು ಹಾಕು. ಯೋಗೀಶ ಊರಿಗೆ ಬಂದ ಮೇಲಂತೂ ಇಬ್ಬರೂ ಜಗಲಿಯಲ್ಲಿ ಕೂತು ಮರ, ಬ್ಲೇಡು, ಮೀನು ಎಂದು ಮಾತಿಗಿಳಿದರೆ ನಾನೊಬ್ಬಳು ಒಳಗೆ ಇದ್ದೇನೆಂಬ ನೆನಪೂ ಇರುತ್ತಿರಲಿಲ್ಲ. ಮಾತು ಬಿಟ್ಟದ್ದೇ ಬಿಟ್ಟದ್ದು, ಮನೆ ತುಂಬ ನನ್ನ ಹೆಸರು. ಬೆಳಿಗ್ಗೆ ಎದ್ದರೆ ಸುಗುಣ, ಸಂಜೆ ಬಂದರೆ ಅಕ್ಕ. ಯಾರಿಗೋ ಕಳಿಸುವ ಮಾತೇ ಇರಲಿ, ನನ್ನ ಮುಖ ನೋಡಿ ಆಡಬೇಕಿತ್ತಲ್ಲ. ಹೇಳುತ್ತಾ ಹೇಳುತ್ತಾ ಕೆಲವು ಸಲ ನನಗೆಂದೇ ಒಂದೆರಡು ಮಾತು ಉದುರುತ್ತಿತ್ತು. "ಅವ್ನಿಗೆ ಹೇಳ್... ನಿನ್ ಕೈಗೆ ಎಂತಾಯ್ತ್, ಸುಟ್ಕಂಡ್ಯಾ?" ಎಂದು ಇವರು ಒಮ್ಮೆ ಕೇಳಿದ್ದರು. ಆ ದಿನ ನನಗೆ ಎಷ್ಟು ಸಂತೋಷವಾಗಿತ್ತೆಂದರೆ, ಸುಟ್ಟ ಕೈಯಲ್ಲೇ ರಾತ್ರಿಗೆ ನೀರುದೋಸೆ ಮಾಡಿದೆ.

ದೇವರ ಮುಂದೆ ನಿಂತಾಗೆಲ್ಲ ಇವರಿಬ್ಬರಿಗೂ ಬುದ್ಧಿ ಕೊಡು, ಮಾತಾಡುವ ಹಾಗೆ ಮಾಡು ಎಂದು ಕೇಳಿಕೊಳ್ಳಲು ಬಾಯಿ ತೆರೆಯುತ್ತಿದ್ದೆ. ಅರ್ಧಕ್ಕೆ ಬಾಯಿ ತಾನೇ ಮುಚ್ಚಿಕೊಳ್ಳುತ್ತಿತ್ತು. ಇವರಿಬ್ಬರೂ ಒಂದಾದರೆ ನನ್ನ ಹತ್ತಿರ ಮಾತಾಡುವವರು ಯಾರು? ನನಗೆ ಅದರದ್ದೇ ಹೆದರಿಕೆ ಇತ್ತು. ಊರಿನವರ ಮುಂದೆ ಮಾತ್ರ "ನಂಗಂತೂ ಸಾಕಾಯ್ತ್ ಮಾರಾಯ್ರೆ" ಎನ್ನುತ್ತಿದ್ದೆ.

ಮಳೆ ಹಿಂದಾದ ಮೇಲೆ ಯಡ್ತರೆಯ ಹತ್ತಿರ ಒಂದು ಕೆಲಸ ಬಂತು. ಎಷ್ಟೋ ಕಾಲದ ಹಿಂದೆ ಮುಚ್ಚಿದ ಹಂಚಿನ ಕಾರ್ಖಾನೆಯ ಚಾವಣಿ ಇಳಿಸಿದ್ದರು. ತೊಲೆಗಳು ಕೆಳಗೆ ಸಾಲಾಗಿ ಬಿದ್ದಿದ್ದವು. ಲಾರಿಗೆ ಹಿಡಿಯುವಷ್ಟು ಉದ್ದಕ್ಕೆ ಕೊಯ್ದು ಕೊಡಬೇಕು. ತಲ್ಲೂರಿನಿಂದ ಯಡ್ತರೆಯವರೆಗೆ ಟೆಂಪೋದ ಮುಂದುಗಡೆ ಮೂವರು ಒತ್ತಿಕೊಂಡು ಕೂತಿದ್ದೆವು, ನಡುವೆ ನಾನು. "ಡೀಸೆಲ್ ಹಾಕ್ಸ್ಕಾ ಕೇಣ್" ಎಂದು ಎಡಗಿವಿಗೆ, "ಬೈಂದೂರಂಗೆ ಹಾಕ್ಸುವ ಅಂತ ಹೇಳ್" ಎಂದು ಬಲಗಿವಿಗೆ. ದಾರಿಯುದ್ದಕ್ಕೂ ಇದೇ. ನಾನು ಆರಾಮಾಗಿದ್ದೆ.

ಮೊದಲ ಎರಡು ತೊಲೆ ಸಲೀಸಾಗಿ ಆಯಿತು. ಹಳೆಯ ಮರದಲ್ಲಿ ಮೊಳೆ ಅಡಗಿರುತ್ತದೆಂದು ಯೋಗೀಶ ಆಯಸ್ಕಾಂತ ಹಿಡಿದು ಸವರಿ ನೋಡುತ್ತಿದ್ದ, ಸಿಕ್ಕಿದ್ದನ್ನು ಕೀಳುತ್ತಿದ್ದ. ಮೂರನೆಯದು ಎಲ್ಲಕ್ಕಿಂತ ದಪ್ಪ. ಇವರು ಕಿವಿಮುಚ್ಚಳ ಹಾಕಿಕೊಂಡು, ಕಾಲು ಅಗಲಿಸಿ ನಿಂತು ಮಿಷನ್ನು ಇಳಿಸಿದರು. ಬ್ಲೇಡು ಮರದೊಳಗೆ ಹೋಗುತ್ತಿದ್ದಂತೆ ಮರದ ಪುಡಿ ಎದ್ದು ಬಂತು. ಬೆಣೆ ಇಟ್ಟು ಕೊಡತಿ ಎತ್ತಿದೆ, ಆ ಪುಡಿ ನೇರ ನನ್ನ ಕಣ್ಣಿಗೆ ಬಿತ್ತು.

ಉರಿ ತಡೆಯಲಾಗಲಿಲ್ಲ. ಕೊಡತಿ ಕೆಳಗಿಟ್ಟು, ಎರಡೂ ಕಣ್ಣು ಮುಚ್ಚಿ, ಸೆರಗಿನಿಂದ ಉಜ್ಜಿಕೊಳ್ಳುತ್ತಾ ಆಚೆ ತಿರುಗಿದೆ. ಎಷ್ಟು ಹೊತ್ತು? ಒಂದು ಲೋಟ ನೀರು ಕುಡಿಯುವಷ್ಟು ಹೊತ್ತೂ ಇರಲಿಕ್ಕಿಲ್ಲ.

ಅಷ್ಟರಲ್ಲಿ ತೊಲೆಯ ಒಂದು ತುದಿಗಿಟ್ಟ ದಿಂಬು ಹಸಿ ಮಣ್ಣಿನಲ್ಲಿ ಕುಸಿಯತೊಡಗಿತ್ತು. ತೊಲೆ ಇವರ ಕಾಲಿನ ಕಡೆಗೇ ಹೊರಳುತ್ತಿತ್ತು. ಯೋಗೀಶ ಹಾರೆಯ ಮೇಲೆ ಇಡೀ ಮೈ ಭಾರ ಹಾಕಿ, ಒಂದು ಕೈ ಮೇಲೆತ್ತಿದ. ನಾನು ನೋಡಲಿಲ್ಲ. ಮತ್ತೆ ಎತ್ತಿದ. ಹಾರೆ ಬಿಟ್ಟರೆ ತೊಲೆ ಒಮ್ಮೆಗೇ ಉರುಳುತ್ತದೆ, ಬಿಡುವಂತಿಲ್ಲ. ವಯರು ಅವನ ಕಾಲಿನ ಬುಡದಲ್ಲೇ ಹಾದುಹೋಗಿತ್ತು. ಅದನ್ನು ಪಾದಕ್ಕೆ ಸಿಕ್ಕಿಸಿ ಜಗ್ಗಿ ಎಳೆದ. ಪ್ಲಗ್ಗು ಕಿತ್ತು ಬಂತು.

ಮಿಷನ್ನಿನ ಸದ್ದು ನಿಂತಿತು. ಅವನು ಯಾವಾಗಿನಿಂದಲೋ ಕೂಗುತ್ತಿದ್ದ ಕೂಗು ಆಗ ಕೇಳಿಸಿತು.

"ಭಾವಾ, ಕಾಲ್! ಭಾವಾ, ಕಾಲ್ ತೆಗಿನಿ!"

ಇವರು ಕಾಲು ಹಿಂದಕ್ಕೆಳೆದುಕೊಂಡರು. ಅದೇ ಜಾಗಕ್ಕೆ ತೊಲೆ ಧೊಪ್ಪೆಂದು ಬಿತ್ತು. ಮಿಷನ್ನು ಸಂದಿನಲ್ಲಿ ಕಚ್ಚಿಕೊಂಡು ಓರೆಯಾಗಿ ನಿಂತಿತ್ತು. ನಾನು ಒಂದೇ ಕಣ್ಣು ಬಿಟ್ಟು ನೋಡುತ್ತಿದ್ದೆ.

ಇವರು ಕಿವಿಮುಚ್ಚಳ ತೆಗೆದರು. ಯೋಗೀಶನ ಮುಖವನ್ನೇ ನೋಡಿದರು.

"ತೆಗ್ದೆ ಮಾರಾಯ," ಎಂದರು.

ಯೋಗೀಶ ಹಾರೆ ಬಿಟ್ಟು ಅಲ್ಲೇ ಮಣ್ಣಿನಲ್ಲಿ ಕುಕ್ಕರಿಸಿದ. ಇವರು ಹೋಗಿ ಅವನ ಪಕ್ಕ ಕೂತರು. ಬಾಟ್ಲಿಯ ನೀರು ಅವನಿಗೆ ಕೊಟ್ಟರು, ಅವನು ಕುಡಿದು ಇವರಿಗೆ ಕೊಟ್ಟ. ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ನೀನ್ ಎಲ್ ಕಾಂತಿದ್ದೆ ಮಾರಾಯ್ತಿ?" ಎಂದರು ಇವರು.

"ಕೈ ಎತ್ತದ್ದ್ ಕಾಣ್ಲಿಲ್ಯಾ ಅಕ್ಕ? ಭಾವಂದ್ ಕಾಲ್ ಹೋತಿತ್ತಲೆ!" ಎಂದ ಅವನು.

ಇಷ್ಟು ವರ್ಷಗಳ ಮೇಲೆ ಇಬ್ಬರೂ ಒಂದಾಗಿ ಮಾಡಿದ ಮೊದಲ ಕೆಲಸ ನನ್ನನ್ನು ಬೈದದ್ದು. ಕಣ್ಣಿಗೆ ಪುಡಿ ಬಿತ್ತು ಎಂದೆ. ಹೇಳಿದ್ದು ಯಾರಿಗೂ ಕೇಳಿಸಲಿಲ್ಲ, ಅಷ್ಟರಲ್ಲಿ ಅವರು ದಿಂಬು ಯಾಕೆ ಕುಸಿಯಿತು ಎಂದು ನೋಡಲು ಎದ್ದು ಹೋಗಿದ್ದರು. ಇವರ ಕಾಲು ಉಳಿಯಿತಲ್ಲ ಎಂದು ನನಗೆ ಅಳು ಬರುತ್ತಿತ್ತು. ಒಂದು ಕಣ್ಣಿನಲ್ಲಿ ಮೊದಲೇ ನೀರು ಇದ್ದುದರಿಂದ ಅದೂ ಯಾರಿಗೂ ಗೊತ್ತಾಗಲಿಲ್ಲ.

ಬರುವಾಗ ಬೈಂದೂರಿನ ಹೋಟೆಲಿನಲ್ಲಿ ಬನ್ಸು, ಚಾ. ಮಾತೋ ಮಾತು. "ಗಂಗೊಳ್ಳಿಯಗೆ ಗೆರೆ ಸೊಟ್ಟ ಆದ್ದ್ ನಂದೇ ಏನೋ," ಎಂದರು ಇವರು. "ಅಲ್ಲ ಭಾವ, ನಂದೇ," ಎಂದ ಅವನು. ಮೊದಲು ನಿಂದು ನಿಂದು ಎಂದು ಕಚ್ಚಾಡಿದವರು ಈಗ ನಂದು ನಂದು ಎಂದು ಹೊಡೆದಾಡಿಕೊಳ್ಳುವುದು ಬಾಕಿ. ಟೆಂಪೋದಲ್ಲಿ ಮತ್ತೆ ನಾನು ನಡುವೆ ಕೂತೆ. ಮಾತು ನನ್ನ ತಲೆಯ ಮೇಲಿನಿಂದ ಹೋಗಿ ಬರುತ್ತಿತ್ತು.

"ಅಕ್ಕ, ಒಂಚೂರ್ ಹಿಂದೆ ಸರಿ," ಎಂದ ಯೋಗೀಶ. "ಭಾವ ಹೇಳುದ್ ಕೇಂತಿಲ್ಲ."

ಸರಿದು ಕೂತೆ. ಮನೆಗೆ ಬಂದು ಹಂಡೆಯ ನೀರಿನಲ್ಲಿ ಕಣ್ಣು ತೊಳೆದುಕೊಂಡಾಗ ಪುಡಿ ಹೋಯಿತು.

ಆಮೇಲೆ ಎಲ್ಲ ಒಳ್ಳೆಯದೇ ಆಯಿತು. ಇಬ್ಬರಲ್ಲೂ ಆಡದೆ ಉಳಿದ ಮಾತು ಬೇಕಾದಷ್ಟಿತ್ತು, ಹಳೆಯದನ್ನೆಲ್ಲ ಒಂದೊಂದಾಗಿ ತೆಗೆದು ಆಡಿದರು. ಸಂಜೆ ಜಗಲಿಯಲ್ಲಿ ಕೂತರೆ ಊಟಕ್ಕೆ ಏಳಿಸಬೇಕು. ಕೆಲಸದ ರೀತಿಯನ್ನೂ ಬದಲಿಸಿದರು. ವಯರು ಮೇಲೆ ಸಿಕ್ಕಿಸಲು ಯೋಗೀಶ ಒಂದು ಕಬ್ಬಿಣದ ಕೋಲು ಮಾಡಿಸಿದ. ಮರ ಉರುಳದಂತೆ ಎರಡೂ ಬದಿಗೆ ಗೂಟ ಹೊಡೆದುಕೊಂಡರೆ ಬೆಣೆ ತಾನೇ ಹೊಡೆಯುತ್ತೇನೆ ಎಂದ. ಮುಖ ನೋಡಿ ಸನ್ನೆ ಮಾಡುವುದಕ್ಕೆ ಈಗ ಅಡ್ಡಿಯಿಲ್ಲವಲ್ಲ.

"ಅಕ್ಕ, ನೀನ್ ಇಷ್ಟ್ ವರ್ಷ ಬಿಸ್ಲಂಗೆ ಒಣಗದ್ದ್ ಸಾಕ್," ಎಂದ. "ಇನ್ ಮನೆಯಗೆ ಆರಾಮಾಗ್ ಇರ್."

"ಹೌದ್, ಅವ್ಳಿಗೂ ಒಂಚೂರ್ ಆರಾಮ್ ಬೇಕ್," ಎಂದರು ಇವರು. ನನಗಲ್ಲ, ಅವನಿಗೆ.

ಪ್ರೀತಿಯಿಂದಲೇ ಹೇಳಿದ್ದು. ಅದಕ್ಕೇ ಬೇಡವೆನ್ನಲು ಬಾಯಿ ಬರಲಿಲ್ಲ. ಮರುದಿನ ಟೆಂಪೋ ಹೆದ್ದಾರಿಗೆ ತಿರುಗುವವರೆಗೆ ಗೇಟಿನ ಹತ್ತಿರ ನಿಂತಿದ್ದೆ. ಅಮಾಸೆಬೈಲಿನ ಕಡೆ ಕೆಲಸವಂತೆ. ಎಂಥ ಮರ, ಎಷ್ಟು ದಪ್ಪ, ನನಗೆ ಗೊತ್ತಿರಲಿಲ್ಲ.

ಮೀನು ಮಾರುವ ಜಲಜ ಬುಟ್ಟಿ ಇಳಿಸಿ, "ನಿನ್ ಬಾಯಿಗೆ ಕಡಿಗೂ ರಜೆ ಸಿಕ್ತ್ ಅಲ್ದಾ?" ಎಂದು ನಕ್ಕಳು. ನಾನೂ ನಕ್ಕೆ. ಬಂಗುಡೆ ಆರಿಸುವ ನೆವದಲ್ಲಿ ಅವಳನ್ನು ಸ್ವಲ್ಪ ಹೊತ್ತು ನಿಲ್ಲಿಸಿಕೊಂಡೆ. ಅವಳಿಗೆ ಬಿಸಿಲೇರುವುದರೊಳಗೆ ಇನ್ನೂ ಹತ್ತು ಮನೆ ತಿರುಗಬೇಕಿತ್ತು, ಹೋದಳು. ಆಮೇಲೆ ಸಂಜೆಯವರೆಗೆ ಮನೆಯಲ್ಲಿ ನಾನು, ಹೊರಗೆ ಹೆದ್ದಾರಿಯ ಲಾರಿಗಳ ಸದ್ದು.

ಬೇಸರ ಎಂದರೆ ಬೇಸರ. ಮುಚ್ಚಿಡುವುದೇನು? ಮಿಷನ್ನಿನ ಸದ್ದು ಕೂಡ ಬೇಕೆನಿಸಿತು ನನಗೆ. ಬೆನ್ನು ತಟ್ಟಿದರೆ ನಿಲ್ಲುತ್ತಿದ್ದ ಮನುಷ್ಯನನ್ನು ಈಗ ಕೂಗಿದರೂ ಕೇಳಿಸದು. ಸಂಜೆ ಬಂದವರ ಹತ್ತಿರ, "ಇವತ್ತ್ ಎಂತ ಮರ ಹ್ವಾಯ್?" ಎಂದು ಕೇಳಿದೆ.

"ಮರವೇ," ಎಂದರು ಇವರು. ಕೈ ತೊಳೆದು ಜಗಲಿಗೆ ಹೋಗಿ, ಆ ಮರದ ಬಗ್ಗೆ ಯೋಗೀಶನೊಡನೆ ದೀಪ ಹಚ್ಚುವ ಹೊತ್ತಿನವರೆಗೆ ಮಾತಾಡಿದರು. ಅವನೂ ಅದೇ ಮರ ಕೊಯ್ದು ಬಂದವನು, ಅವನಿಗೆ ಹೇಳುವುದಕ್ಕೆ ಏನಿತ್ತೋ.

ನಾನು ಒಳಗೆ ಕೂತು ಯೋಚನೆ ಮಾಡಿದೆ. ಈ ಮನೆಯಲ್ಲಿ ಬೆಲೆ ಇರುವುದು ಮಾತಿಗಲ್ಲ, ಮಾತು ಬಿಡುವುದಕ್ಕೆ. ಅವರು ಬಿಟ್ಟಾಗ ಇಡೀ ಊರಿಗೆ ತಿಳಿದಿತ್ತು, ನೆಂಟರು ಬಂದು ಬುದ್ಧಿ ಹೇಳಿದ್ದರು. ಹಾಗಾದರೆ ನಾನೂ ಬಿಡುತ್ತೇನೆ. ಇಬ್ಬರ ಹತ್ತಿರವೂ. ಆಗ ಇವರು ಯೋಗೀಶನಿಗೆ ಹೇಳಬೇಕಾಗುತ್ತದೆ, ನಿನ್ನ ಅಕ್ಕನಿಗೆ ಎಂತಾಯ್ತು ಕೇಳು ಎಂದು. ಅವನು ಬಂದು ನನ್ನ ಮುಖ ನೋಡಬೇಕಾಗುತ್ತದೆ. ಎಷ್ಟು ದಿನ ಸತಾಯಿಸಬೇಕು, ಯಾವ ಮಾತಿಗೆ ಕರಗಬೇಕು, ಎಲ್ಲ ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡೆ. ಹಾಗೆ ಕೂತು ಎಣಿಸುವಾಗ ಖುಷಿಯೇ ಆಗಿತ್ತು.

ಮರುದಿನ ಬೆಳಿಗ್ಗೆ ಶುರು ಮಾಡಿದೆ. ಚಾ ಲೋಟ ಟಕ್ಕೆಂದು ಸದ್ದು ಮಾಡಿ ಇಟ್ಟೆ, ಮಾತು ಬಿಟ್ಟಿದ್ದಾಗ ಯೋಗೀಶ ಮಾಡುತ್ತಿದ್ದ ಹಾಗೆಯೇ. ಕುಡಿದು ಹೊರಟರು. ಸಂಜೆ ತುಟಿ ಬಿಗಿದು ಬಾಗಿಲು ತೆಗೆದೆ. ಒಳಗೆ ಬಂದರು. ಊಟಕ್ಕೆ ಕರೆಯಲಿಲ್ಲ, ಬಡಿಸಿಟ್ಟು ನಿಂತೆ. ಪರಿಮಳಕ್ಕೋ ಹಸಿವಿಗೋ ಎದ್ದು ಬಂದು ಕೂತರು. ಇವತ್ತು ಗೊತ್ತಾಗಲಿಲ್ಲ, ನಾಳೆ ಗೊತ್ತಾಗುತ್ತದೆ ಎಂದುಕೊಂಡೆ. ನಾಳೆಯೂ ಆಯಿತು, ನಾಡಿದ್ದೂ ಆಯಿತು. ಮಾತು ಬಿಟ್ಟಿದ್ದೇನೆಂದು ಹೇಳಿಬಿಡೋಣವೆಂದರೆ ಮಾತು ಬಿಟ್ಟವಳು ಹೇಳುವುದು ಹೇಗೆ? ಅದಕ್ಕೂ ನಡುವೆ ಒಬ್ಬರು ಬೇಕು. ಅವರಿಗೆ ನಾನಿದ್ದೆ, ನನಗೆ ಯಾರೂ ಇರಲಿಲ್ಲ.

ಎಷ್ಟು ದಿನವಾಯಿತೋ, ಒಂದು ರಾತ್ರಿ ಇಬ್ಬರೂ ಉಣ್ಣುತ್ತಿದ್ದರು. ಬಂಗುಡೆ ಸಾರು ಚೆನ್ನಾಗಿ ಆಗಿತ್ತು. ಇವರು ಮೀನಿನ ಮುಳ್ಳು ತೆಗೆದು ತಟ್ಟೆಯ ಅಂಚಿಗಿಟ್ಟು, ತೃಪ್ತಿಯಿಂದ ಸುತ್ತ ಒಮ್ಮೆ ನೋಡಿದರು. ನೋಟ ನನ್ನ ಮೇಲೂ ಹಾದುಹೋಯಿತು. ಈಗ ಕೇಳುತ್ತಾರೆ ಎಂದು ಸೌಟು ಕೆಳಗಿಟ್ಟೆ. ಕೇಳಿದರೆ ಸತಾಯಿಸುವುದೂ ಬೇಡ, ಕೂಡಲೇ ಉತ್ತರ ಕೊಟ್ಟುಬಿಡುತ್ತೇನೆ ಎಂದುಕೊಂಡೆ.

"ಈಗ ಮನೆ ಎಷ್ಟ್ ಚಂದ ಇತ್ತ್ ಕಾಣ್ ಯೋಗೀಶ," ಎಂದರು. "ಮಾತ್ ಬಿಡುದ್ ಗೀಡುದ್ ಎಂತ ಇಲ್ಲ. ಎಲ್ಲರೂ ಎಲ್ಲರ ಹತ್ರ ಮಾತಾಡ್ತ್ರ್."

"ಹೌದ್ ಭಾವ," ಎಂದ ಯೋಗೀಶ.

ನಾನು ಸೌಟು ಎತ್ತಿ ಇಬ್ಬರ ತಟ್ಟೆಗೂ ಇನ್ನಷ್ಟು ಸಾರು ಬಡಿಸಿದೆ. ಬೇಕೋ ಸಾಕೋ ಎಂದು ಕೇಳಲಿಲ್ಲ. ಅವರೂ ಹೇಳಲಿಲ್ಲ, ಉಂಡರು.